ಕ್ಲಿಕ್ಕಿಗೊಂದು ಕಾಸು, ಕೀಲಿಕೈ ನಮ್ಮದೇ ಇರಲಿ



ಊರಿಗೆ ಹೊಸಬರು ಬಂದರೆ ಮೊದಲೆಲ್ಲ ಬಸ್ ನಿಲ್ದಾಣದ ಬೀಡಾ ಅಂಗಡಿಯವನನ್ನು ಕೇಳುತ್ತಿದ್ದರು: ‘ಇಲ್ಲಿ ಒಳ್ಳೆ ಪ್ರೆಸ್ಸು ಎಲ್ಲಿದೆ ಸ್ವಾಮಿ?’ ಈಗ ಊರವರೇ ಫೋನನ್ನು ಕೇಳುತ್ತಾರೆ. ಮಗಳ ಮದುವೆ ಗೊತ್ತುಮಾಡಿದ ಅಪ್ಪ, ಬಿಲ್ ಬುಕ್ ಮುಗಿದ ಕಿರಾಣಿ ಅಂಗಡಿಯವರು, ಪಂಪ್‌ಸೆಟ್ ಸುಟ್ಟುಕೊಂಡ ರೈತ, ಎಲ್ಲರೂ ಗೂಗಲ್ಲಿನ ಆ ಖಾಲಿ ಚೌಕದಲ್ಲಿ ನಾಲ್ಕು ಮಾತು ಟೈಪು ಮಾಡುತ್ತಾರೆ, ಇಲ್ಲವೇ ಮೈಕು ಒತ್ತಿ ಬಾಯಲ್ಲೇ ಹೇಳುತ್ತಾರೆ. ಉತ್ತರದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಹೆಸರುಗಳು ಅನೇಕ ಸಲ ದುಡ್ಡು ಕೊಟ್ಟು ಅಲ್ಲಿ ನಿಂತವು. ‘ಸ್ಪಾನ್ಸರ್ಡ್’ ಎಂಬ ಸಣ್ಣ ಚೀಟಿ ಪಕ್ಕದಲ್ಲಿರುತ್ತದೆ. ಅದನ್ನು ಓದುವವರೆಷ್ಟು ಮಂದಿ?

ಆ ಜಾಗ ಹರಾಜಿಗಿದೆ. ಹರಾಜಿನಲ್ಲಿ ಕೂಗುವವರು ದೊಡ್ಡ ಕಂಪನಿಗಳು, ದೂರದ ಊರಿನ ಆನ್‌ಲೈನ್ ಮುದ್ರಕರು. ನಮ್ಮ ಗದಗಿನ, ದಾವಣಗೆರೆಯ, ಸುಲ್ತಾನ್‌ಪೇಟೆಯ ಸಣ್ಣ ಪ್ರೆಸ್ಸಿನವರು, ಮಿಲ್ಲಿನವರು, ಗ್ಯಾರೇಜಿನವರು ‘ಅದೆಲ್ಲ ನಮಗೆ ಯಾಕಪ್ಪ’ ಎಂದು ಕೈಕಟ್ಟಿ ಕುಳಿತಿದ್ದಾರೆ. ಇಲ್ಲವೇ ಯಾರೋ ಏಜೆಂಟನ ಕೈಗೆ ದುಡ್ಡು ಸುರಿದು, ಅದು ಎಲ್ಲಿ ಹೋಯಿತೆಂದು ತಿಳಿಯದೆ ಬಾಯಿ ಬಿಡುತ್ತಿದ್ದಾರೆ. ಈ ಎರಡೂ ತಪ್ಪಬೇಕು. ಗೂಗಲ್ ಜಾಹೀರಾತಿನ ಖಾತೆಯನ್ನು ಅಂಗಡಿಯ ಯಜಮಾನನೇ ತೆರೆಯಬಹುದು, ತೆರೆಯಬೇಕು. ಅದು ಬ್ರಹ್ಮವಿದ್ಯೆ ಅಲ್ಲ. ಪಿಯುಸಿ ಓದಿ ಶಾಯಿಯಲ್ಲಿ ಕೈ ಅದ್ದಿದ ನನ್ನಂಥವನಿಗೆ ತಿಳಿಯುವುದು ನಿಮಗೂ ತಿಳಿಯುತ್ತದೆ.

ಈ ವ್ಯಾಪಾರ ಹುಟ್ಟಿದ್ದು ಹೇಗೆ?

1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಎಂಬವರು ‘ಗೋಟು’ ಎಂಬ ಹುಡುಕುತಾಣ ನಡೆಸಿ, ಒಬ್ಬ ಗಿರಾಕಿ ಒತ್ತಿದರೆ ಮಾತ್ರ ಇಷ್ಟು ಕಾಸು ಎಂಬ ಪದ್ಧತಿ ತಂದರು. ಗೂಗಲ್ 2000ನೇ ಇಸವಿಯಲ್ಲಿ ‘ಆಡ್‌ವರ್ಡ್ಸ್’ ಆರಂಭಿಸಿದಾಗ ಎಷ್ಟು ಸಲ ಕಂಡಿತು ಎಂಬುದರ ಮೇಲೆ ದುಡ್ಡು ತೆಗೆದುಕೊಳ್ಳುತ್ತಿತ್ತು. 2002ರಲ್ಲಿ ಅದೂ ಕ್ಲಿಕ್ಕಿನ ಲೆಕ್ಕಕ್ಕೆ ಬಂತು. 2018ರಲ್ಲಿ ಹೆಸರು ‘ಗೂಗಲ್ ಆಡ್ಸ್’ ಎಂದಾಯಿತು.

ಹರಾಜು ಎಂದೊಡನೆ ‘ದುಡ್ಡಿದ್ದವನೇ ದೊಡ್ಡಪ್ಪ’ ಎಂದುಕೊಳ್ಳಬೇಡಿ. ಯಾರು ಹೆಚ್ಚು ಕೂಗಿದರು ಎಂಬುದೊಂದನ್ನೇ ಗೂಗಲ್ ನೋಡುವುದಿಲ್ಲ. ಹುಡುಕಿದ ಮಾತಿಗೂ ನಿಮ್ಮ ಜಾಹೀರಾತಿಗೂ ಎಷ್ಟು ಹೊಂದಿಕೆ, ಜನ ಅದನ್ನು ಒತ್ತುವ ಸಂಭವ ಎಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಉಪಯೋಗಕ್ಕೆ ಬರುತ್ತದೆಯೇ ಎಂದೂ ತೂಗುತ್ತದೆ. ಈ ಮೂರನ್ನು ಸೇರಿಸಿ ಒಂದೊಂದು ಹುಡುಕುಮಾತಿಗೂ 1ರಿಂದ 10ರವರೆಗೆ ಅಂಕ ತೋರಿಸುತ್ತದೆ. ಅದಕ್ಕೆ ‘ಕ್ವಾಲಿಟಿ ಸ್ಕೋರ್’ ಎನ್ನುತ್ತಾರೆ. ಹೊಂದಿಕೆ ಚೆನ್ನಾಗಿದ್ದರೆ ಕಡಿಮೆ ಕೂಗಿದವನೂ ಮೇಲೆ ನಿಲ್ಲಬಹುದು. ಸಣ್ಣವನಿಗೆ ಉಳಿದಿರುವ ಸಂದು ಇದೇ. ಊರಿನ ಮಾತು, ಊರಿನ ಬೆಲೆ, ಊರಿನ ವಿಳಾಸ ದೊಡ್ಡ ಕಂಪನಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಖಾತೆ ಯಾರ ಹೆಸರಿನಲ್ಲಿ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮ ಪ್ರೆಸ್ಸಿಗೂ ಒಬ್ಬ ಏಜೆಂಟ್ ಬಂದಿದ್ದ. ‘ತಿಂಗಳಿಗೆ ಇಷ್ಟು ಕೊಡಿ ಸಾರ್, ಮೊದಲ ಪುಟದ ಮೊದಲ ಸ್ಥಾನ ಗ್ಯಾರಂಟಿ’ ಎಂದ. ಖಾತೆ ಯಾರ ಇಮೇಲಿನಲ್ಲಿ ಇರುತ್ತದೆ ಎಂದು ಕೇಳಿದೆ. ಮಾತು ತೇಲಿಸಿದ. ನಾವು ಕೊಟ್ಟ ದುಡ್ಡಿನಲ್ಲಿ ಗೂಗಲ್ಲಿಗೆ ಎಷ್ಟು, ನಿನಗೆ ಎಷ್ಟು ಎಂದು ಕೇಳಿದೆ. ‘ಅದು ಪ್ಯಾಕೇಜ್ ಸಾರ್’ ಎಂದ. ಚಹಾ ಕುಡಿಸಿ ಕಳಿಸಿದೆ.

ಇಂಥ ಪ್ಯಾಕೇಜಿಗೆ ವರ್ಷಗಟ್ಟಲೆ ದುಡ್ಡು ಕಟ್ಟಿದವರ ಗತಿ ಏನು? ಯಾವ ಮಾತಿಗೆ ಗಿರಾಕಿ ಬಂದ, ಯಾವ ಮಾತಿಗೆ ದುಡ್ಡು ಹಾಳಾಯಿತು ಎಂಬ ಇತಿಹಾಸವೆಲ್ಲ ಏಜೆಂಟನ ಖಾತೆಯಲ್ಲಿ ಉಳಿಯುತ್ತದೆ. ಅವನನ್ನು ಬಿಟ್ಟ ದಿನ ನೀವು ಬರಿಗೈ. ಬಾಡಿಗೆ ಮನೆಗೆ ನೆಲಹಾಸು ಹಾಕಿಸಿದ ಕತೆ.

ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು, ಏಕೆಂದರೆ ಪ್ರತಿ ಹುಡುಕಾಟಕ್ಕೂ ಹೊಸ ಹರಾಜು ನಡೆಯುತ್ತದೆ. ಬೇರೆಯವರ ಪರವಾಗಿ ಜಾಹೀರಾತು ನಡೆಸುವವರು ಖರ್ಚು, ಕ್ಲಿಕ್ಕುಗಳ ಲೆಕ್ಕವನ್ನು ಗಿರಾಕಿಗೆ ಕೊಡಬೇಕೆಂದು ಗೂಗಲ್ಲಿನದೇ ನಿಯಮವಿದೆ. ಪ್ರತಿ ಖಾತೆಗೂ ಹತ್ತು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಖಾತೆಯನ್ನು ನಿಮ್ಮ ಇಮೇಲಿನಲ್ಲೇ ತೆರೆಯಿರಿ. ಏಜೆಂಟನ ಸಹಾಯ ಬೇಕಿದ್ದರೆ ಆ ಸಂಖ್ಯೆ ಕೊಟ್ಟು, ಅವನ ‘ಮ್ಯಾನೇಜರ್ ಅಕೌಂಟ್’ಗೆ ಜೋಡಿಸಿಕೊಳ್ಳಲು ಒಪ್ಪಿಗೆ ಕೊಡಿ. ಪಾಸ್‌ವರ್ಡ್ ಕೊಡಬೇಕಿಲ್ಲ. ಬೇಡವೆನಿಸಿದ ದಿನ ಜೋಡಣೆ ಬಿಡಿಸಿದರೆ ಖಾತೆ ನಿಮ್ಮ ಬಳಿಯೇ ಉಳಿಯುತ್ತದೆ.

ಬಾಗಿಲು ತೆರೆಯುವ ಮುನ್ನ

ಜಾಹೀರಾತು ಒತ್ತಿದವನು ಎಲ್ಲಿಗೆ ಬರುತ್ತಾನೆ? ಒಂದೇ ಒಂದು ಪುಟವಾದರೂ ಇರಲಿ. ಏನು ಮಾಡಿಕೊಡುತ್ತೀರಿ, ಸುಮಾರು ಬೆಲೆ ಎಷ್ಟು, ಎಷ್ಟು ದಿನ ಬೇಕು, ಅಂಗಡಿ ಎಲ್ಲಿದೆ, ಫೋನ್ ನಂಬರೇನು, ಇಷ್ಟು ಕನ್ನಡದಲ್ಲಿ ಸ್ಪಷ್ಟವಾಗಿ ಇರಬೇಕು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು ಸೇರಿಸುವುದಕ್ಕೆ ದುಡ್ಡಿಲ್ಲ. ಆ ಕೆಲಸ ಮೊದಲು ಮುಗಿಸಿ. ಪುಕ್ಕಟೆ ಸಿಗುವುದನ್ನು ಬಿಟ್ಟು ದುಡ್ಡಿನದಕ್ಕೆ ಓಡಬಾರದು.

ಖಾತೆ ತೆರೆಯುವಾಗ ಗೂಗಲ್ ನಿಮ್ಮ ಕೈಹಿಡಿದು ಅವಸರವಾಗಿ ಎಳೆಯುತ್ತದೆ. ‘ಸ್ಮಾರ್ಟ್’ ಎಂಬ ಸುಲಭದ ದಾರಿ ತೋರಿಸುತ್ತದೆ. ಅದರಲ್ಲಿ ಹಿಡಿತವೆಲ್ಲ ಯಂತ್ರದ ಕೈಗೆ ಹೋಗುತ್ತದೆ. ಪರದೆಯಲ್ಲಿ ‘ಎಕ್ಸ್‌ಪರ್ಟ್ ಮೋಡ್’ ಎಂಬ ಅಕ್ಷರ ಹುಡುಕಿ ಆ ದಾರಿ ಹಿಡಿಯಿರಿ. ಹೆಸರುಗಳು, ಗುಂಡಿಗಳ ಜಾಗ ಆಗಾಗ ಬದಲಾಗುತ್ತವೆ, ಗಾಬರಿ ಬೇಡ. ದೇಶ ಭಾರತ, ನಾಣ್ಯ ರೂಪಾಯಿ ಎಂದು ನೋಡಿ ಒತ್ತಿ, ಏಕೆಂದರೆ ನಾಣ್ಯವನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ಗುರುತಿನ ದಾಖಲೆ ಕೇಳಿದರೆ ಖಾತೆಯೊಳಗೇ ಕೊಡಿ. ‘ಗೂಗಲ್ಲಿನಿಂದ ಮಾತಾಡುತ್ತಿದ್ದೇವೆ, ಓಟಿಪಿ ಹೇಳಿ’ ಎಂದು ಫೋನು ಮಾಡಿದವರಿಗೆ ಮಾತ್ರ ಏನನ್ನೂ ಹೇಳಬೇಡಿ.

ತೆರಿಗೆಯ ವಿಷಯ. ಈ ಜಾಹೀರಾತಿನ ಮೇಲೆ 18% ಜಿಎಸ್‌ಟಿ ಇದೆ. ಮುಂಗಡವಾಗಿ 5,000 ರೂಪಾಯಿ ತುಂಬಿದರೆ ತೆರಿಗೆ ಕಳೆದು ಜಾಹೀರಾತಿಗೆ ಉಳಿಯುವುದು ಸುಮಾರು 4,237 ರೂಪಾಯಿ. ಜಿಎಸ್‌ಟಿ ನೋಂದಣಿ ಇದ್ದವರು ತಮ್ಮ ಸಂಖ್ಯೆಯನ್ನು ಖಾತೆಯಲ್ಲಿ ಬರೆಸಿದರೆ ಆ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಕೇಳಬಹುದು. ನಿಮ್ಮ ಲೆಕ್ಕಿಗರಿಗೆ ಬಿಲ್ಲು ತಲುಪಿಸಿ.

ಟಿಕ್ಕು ಹಾಕಿದ ಚೌಕಗಳ ಮೇಲೆ ಕಣ್ಣಿಡಿ

ದುಡ್ಡು ಸೋರುವುದು ಮೊದಲೇ ಟಿಕ್ಕು ಬಿದ್ದಿರುವ ಚೌಕಗಳಿಂದ. ಹುಡುಕಾಟದ ಜಾಹೀರಾತು ಆರಿಸಿದ ಮೇಲೂ ‘ಡಿಸ್‌ಪ್ಲೇ ನೆಟ್‌ವರ್ಕ್’, ‘ಸರ್ಚ್ ಪಾರ್ಟ್‌ನರ್ಸ್’ ಎಂಬ ಚೌಕಗಳು ಕಾಣುತ್ತವೆ. ಬಿಟ್ಟರೆ ನಿಮ್ಮ ಜಾಹೀರಾತು ಯಾವ್ಯಾವುದೋ ಆಟದ ಆ್ಯಪುಗಳಲ್ಲೂ ಬೇರೆ ತಾಣಗಳಲ್ಲೂ ತಿರುಗುತ್ತದೆ. ಆರಂಭದಲ್ಲಿ ಎರಡನ್ನೂ ತೆಗೆಯಿರಿ.

ಜಾಗದ ವಿಷಯಕ್ಕೆ ಬನ್ನಿ. ದಾವಣಗೆರೆ ಎಂದು ಆರಿಸಿದರೆ ಸಾಲದು. ಅದರ ಕೆಳಗೆ ಒಂದು ಆಯ್ಕೆ ಅಡಗಿರುತ್ತದೆ: ಆ ಊರಿನಲ್ಲಿರುವವರು ಮಾತ್ರವೋ, ಆ ಊರಿನ ಬಗ್ಗೆ ಆಸಕ್ತಿ ತೋರಿದವರೂ ಸೇರಿಯೋ ಎಂದು. ಎರಡನೆಯದೇ ಮೊದಲಿನಿಂದ ಆಯ್ಕೆಯಾಗಿರುತ್ತದೆ. ದೆಹಲಿಯಲ್ಲಿ ಕುಳಿತು ಬೆಣ್ಣೆದೋಸೆಯ ಊರಿನ ಬಗ್ಗೆ ಓದುವವನು ನಿಮಗೆ ಬಿಲ್ ಬುಕ್ ಮಾಡಿಸುವುದಿಲ್ಲ. ‘ಅಲ್ಲಿ ಇರುವವರು’ ಎಂಬುದನ್ನು ಒತ್ತಿ.

ಭಾಷೆಯ ಪಟ್ಟಿಯಲ್ಲಿ ಕನ್ನಡ ಇದೆ. ಅದನ್ನು ಟಿಕ್ಕು ಮಾಡಿ, ಜೊತೆಗೆ ಇಂಗ್ಲಿಷನ್ನೂ ಇಡಿ. ನಮ್ಮವರ ಫೋನುಗಳು ಬಹುಪಾಲು ಇಂಗ್ಲಿಷಿನಲ್ಲೇ ಸೆಟ್ ಆಗಿರುತ್ತವೆ, ಅವರನ್ನು ಕಳೆದುಕೊಳ್ಳಬಾರದು. ಟಿಕ್ಕು ಹಾಕಿದ ಮಾತ್ರಕ್ಕೆ ಜಾಹೀರಾತು ಕನ್ನಡಕ್ಕೆ ತಿರುಗುವುದಿಲ್ಲ. ಕನ್ನಡದಲ್ಲಿ ಬರೆಯಬೇಕಾದವರು ನೀವು.

ಹುಡುಕುಮಾತುಗಳೇ ಬಂಡವಾಳ

ಇಲ್ಲಿ ನಮ್ಮ ಭಾಷೆ ದುಡ್ಡಾಗುತ್ತದೆ. ಒಂದೇ ವಸ್ತುವಿಗೆ ನಮ್ಮ ನಾಡಿನಲ್ಲಿ ಎಷ್ಟು ಹೆಸರು ನೋಡಿ: ಲಗ್ನಪತ್ರಿಕೆ, ಮದುವೆ ಪತ್ರಿಕೆ, ಆಹ್ವಾನ ಪತ್ರಿಕೆ, ಮದುವೆ ಕಾಗದ, ಕಾರ್ಡು. ಹುಬ್ಬಳ್ಳಿಯವರು ಹುಡುಕುವ ಮಾತು ಬೇರೆ, ಮಂಡ್ಯದವರದು ಬೇರೆ, ಕುಂದಾಪುರದವರದು ಬೇರೆ. ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತ ಏಜೆಂಟನಿಗೆ ಇದು ತಿಳಿಯುವುದಿಲ್ಲ, ಅವನು ಇಂಗ್ಲಿಷಿನ ಎರಡು ಮಾತು ಬರೆದು ಕೈತೊಳೆದುಕೊಳ್ಳುತ್ತಾನೆ. ಆ ಇಂಗ್ಲಿಷ್ ಮಾತುಗಳಿಗೇ ಎಲ್ಲರೂ ಮುಗಿಬಿದ್ದು ಬೆಲೆ ಏರಿಸುತ್ತಾರೆ. ಕನ್ನಡದ ಮಾತಿಗೆ ಕೂಗುವವರು ಕಡಿಮೆ ಇದ್ದಷ್ಟೂ ಅಗ್ಗಕ್ಕೆ ಸಿಗುವ ಸಂಭವ ಹೆಚ್ಚು.

ಆದ್ದರಿಂದ ಪ್ರತಿಯೊಂದನ್ನೂ ಮೂರು ಬಗೆಯಲ್ಲಿ ಬರೆಯಿರಿ: ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಮಾತುಗಳಿಗೆ ಬಿಗಿ ಎಷ್ಟು ಎಂಬುದನ್ನೂ ನೀವೇ ಹೇಳಬೇಕು. ಬರಿದೇ ಬರೆದರೆ ಗೂಗಲ್ ದೂರದ ಸಂಬಂಧದ ಹುಡುಕಾಟಕ್ಕೂ ನಿಮ್ಮನ್ನು ತೋರಿಸುತ್ತದೆ. ಮಾತಿನ ಎರಡು ಕಡೆ ಜೋಡಿ ಉದ್ಧರಣ ಚಿಹ್ನೆ ಹಾಕಿದರೆ ಆ ಅರ್ಥ ಒಳಗೊಂಡ ಹುಡುಕಾಟಗಳಿಗೆ ಸೀಮಿತವಾಗುತ್ತದೆ. ಚೌಕಾಕಾರದ ಆವರಣ ಹಾಕಿದರೆ ಇನ್ನೂ ಬಿಗಿ. ಸಣ್ಣ ದುಡ್ಡಿನವರು ಈ ಎರಡರಲ್ಲೇ ಆರಂಭಿಸಲಿ.

ಬೇಡದ ಮಾತುಗಳ ಪಟ್ಟಿ ಇದಕ್ಕಿಂತ ಮುಖ್ಯ. ನಮ್ಮ ಕಸುಬನ್ನೇ ನೋಡಿ. ‘ಮದುವೆ ಪತ್ರಿಕೆ’ ಎಂದು ಹುಡುಕುವವರಲ್ಲಿ ಒಕ್ಕಣೆಯ ಮಾದರಿ ಬೇಕಾದವರಿದ್ದಾರೆ, ಪುಕ್ಕಟೆ ವಿನ್ಯಾಸ ಇಳಿಸಿಕೊಳ್ಳುವವರಿದ್ದಾರೆ, ವಾಟ್ಸಾಪಿಗೆ ವೀಡಿಯೋ ಬೇಕಾದವರಿದ್ದಾರೆ. ‘ಪ್ರಿಂಟಿಂಗ್’ ಎಂದವರಿಗೆ ಕಂಪ್ಯೂಟರಿನ ಪ್ರಿಂಟರ್, ಕಾರ್ಟ್ರಿಜ್, ಹಳೆ ಯಂತ್ರ, ಕೆಲಸ ಬೇಕಿರಬಹುದು. ‘ಮಾದರಿ’, ‘ಉಚಿತ’, ‘ಡೌನ್‌ಲೋಡ್’, ‘ವೀಡಿಯೋ’, ‘ಕಾರ್ಟ್ರಿಜ್’, ‘ಕೆಲಸ’, ‘ಸೆಕೆಂಡ್ ಹ್ಯಾಂಡ್’, ಇವನ್ನೆಲ್ಲ ‘ನೆಗೆಟಿವ್ ಕೀವರ್ಡ್’ ಎಂಬ ಪಟ್ಟಿಗೆ ಸೇರಿಸಿ, ಅವನ್ನೂ ಮೂರು ಬಗೆಯಲ್ಲಿ ಬರೆದು. ಜರಡಿ ಹಿಡಿಯದ ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಯಾರನ್ನು ಬೈಯುವುದು?

ಎದುರಾಳಿಯ ಅಂಗಡಿ ಹೆಸರನ್ನೇ ಹುಡುಕುಮಾತಾಗಿ ಇಡುವ ಚಪಲ ಕೆಲವರಿಗೆ. 2023ರಲ್ಲಿ ದೆಹಲಿ ಹೈಕೋರ್ಟು, ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಹುಡುಕುಮಾತಾಗಿ ಬಳಸಿದ ಮಾತ್ರಕ್ಕೇ ಅದು ಉಲ್ಲಂಘನೆ ಆಗದು, ಜನರಿಗೆ ಗೊಂದಲ ಹುಟ್ಟಿಸಿದರೆ ಮಾತ್ರ ಆಗುತ್ತದೆ ಎಂದಿತು. ಈ ವ್ಯವಹಾರದಲ್ಲಿ ಗೂಗಲ್ಲೂ ಪಾಲುಗಾರನೇ ಎಂದೂ ಹೇಳಿತು. ಕಾನೂನು ಏನೇ ಇರಲಿ, ಪಕ್ಕದ ಬೀದಿಯವನ ಹೆಸರು ಹಿಡಿದು ಬದುಕುವ ಗತಿ ನಮಗೆ ಬೇಡ.

ಅಕ್ಷರಕ್ಕೆ ಲೆಕ್ಕ

ಜಾಹೀರಾತಿನಲ್ಲಿ 15ರವರೆಗೆ ಶೀರ್ಷಿಕೆ ಬರೆಯಬಹುದು, ಒಂದೊಂದಕ್ಕೆ 30 ಚಿಹ್ನೆ. ವಿವರಣೆ ನಾಲ್ಕು, ಒಂದೊಂದಕ್ಕೆ 90. ಗೂಗಲ್ ಇವನ್ನು ಬೆರೆಸಿ, ಹೊಂದಿಸಿ ತೋರಿಸುತ್ತದೆ. ಕನ್ನಡದಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ. ‘ಪತ್ರಿಕೆ’ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಏಳು ಚಿಹ್ನೆ. ಒತ್ತು, ಇಳಿ, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ದಾವಣಗೆರೆಯಲ್ಲಿ ಮದುವೆ ಪತ್ರಿಕೆ ಮುದ್ರಣ’ ಎಂದರೆ 34, ಹಿಡಿಸದು. ‘ದಾವಣಗೆರೆ ಮದುವೆ ಪತ್ರಿಕೆ ಮುದ್ರಣ’ ಎಂದರೆ 29, ಹಿಡಿಸುತ್ತದೆ. ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರು ಸಾಲು ಹಿಡಿಸಲು ಪಟ್ಟ ಪಾಡೇ ಇದು.

ಡಿಟಿಪಿ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ಅಲ್ಲಿಂದ ತಂದು ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತವೆ. ಯೂನಿಕೋಡಿನಲ್ಲೇ ಟೈಪು ಮಾಡಿ, ಇಲ್ಲವೇ ಪರಿವರ್ತಿಸಿ. ನಿಮ್ಮ ಪುಟಕ್ಕೂ ಇದೇ ನಿಯಮ. ಹಳೇ ಫಾಂಟಿನ ಕನ್ನಡ ಗೂಗಲ್ಲಿಗೆ ಕನ್ನಡವೇ ಅಲ್ಲ.

ಎಷ್ಟು ಕೂಗಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚಿ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ನೂರು ಕ್ಲಿಕ್ಕಿಗೆ ಎಂಟು ಫೋನು ಬಂದವು, ಎಂಟರಲ್ಲಿ ಎರಡು ಆರ್ಡರ್ ಆದವು, ಒಂದು ಆರ್ಡರಿಗೆ ಕಾಗದ, ಶಾಯಿ, ಕೂಲಿ ಕಳೆದು 1,500 ರೂಪಾಯಿ ಉಳಿಯಿತು. ಅಲ್ಲಿಗೆ ನೂರು ಕ್ಲಿಕ್ಕಿನ ಗಳಿಕೆ 3,000. ಒಂದು ಕ್ಲಿಕ್ಕಿಗೆ 30 ರೂಪಾಯಿ ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಜಿಎಸ್‌ಟಿ ಜಮೆ ಸಿಗದವರಿಗೆ ಆ ಗೆರೆ ಸುಮಾರು 25 ರೂಪಾಯಿಗೇ ಬಂದು ನಿಲ್ಲುತ್ತದೆ. 10 ರೂಪಾಯಿಗೆ ಸಿಕ್ಕರೆ ಲಾಭ, 40 ಕೊಟ್ಟರೆ ಮನೆ ಮಾರಿ ಜಾತ್ರೆ. ನಿಮ್ಮ ಕಸುಬಿನ ಅಂಕಿ ಹಾಕಿಕೊಂಡು ಈ ಲೆಕ್ಕ ಮಾಡದೆ ಒಂದು ರೂಪಾಯಿಯನ್ನೂ ತುಂಬಬೇಡಿ. ಒಂದು ಕ್ಲಿಕ್ಕಿಗೆ ಗರಿಷ್ಠ ಇಷ್ಟೇ ಎಂದು ಮಿತಿ ಹಾಕಲು ಅವಕಾಶವಿದೆ, ಅದನ್ನು ಹಾಕಿ. ಜಾಹೀರಾತಿನಲ್ಲಿರುವ ಫೋನ್ ಗುಂಡಿ ಒತ್ತಿದರೂ ಅದು ಕ್ಲಿಕ್ಕೇ, ಅದಕ್ಕೂ ಕಾಸು.

ದಿನದ ಮಿತಿಯ ಮರ್ಮವೂ ತಿಳಿದಿರಲಿ. ದಿನಕ್ಕೆ 200 ರೂಪಾಯಿ ಎಂದು ಬರೆದರೆ ಗೂಗಲ್ ಒಂದೊಂದು ದಿನ 400ರವರೆಗೂ ಖರ್ಚು ಮಾಡಬಹುದು. ತಿಂಗಳಿಗೆ ಮಾತ್ರ 200ರ 30.4 ಪಟ್ಟು, ಅಂದರೆ 6,080 ದಾಟುವಂತಿಲ್ಲ. ಆದ್ದರಿಂದ ತಿಂಗಳಿಗೆ ಎಷ್ಟು ಕಳೆದುಕೊಳ್ಳಬಲ್ಲೆ ಎಂದು ಮೊದಲು ನಿಶ್ಚಯಿಸಿ, ಅದನ್ನು 30.4ರಿಂದ ಭಾಗಿಸಿ ಬರೆಯಿರಿ. ಅಂಗಡಿ ಬಾಗಿಲು ಹಾಕಿದ ಮೇಲೆ ಫೋನು ಎತ್ತುವವರಿಲ್ಲದಿದ್ದರೆ ಆ ಹೊತ್ತು ಜಾಹೀರಾತೂ ಮಲಗಲಿ. ಅದಕ್ಕೆ ವೇಳಾಪಟ್ಟಿ ಇದೆ.

ಸೋಮವಾರಕ್ಕೊಮ್ಮೆ ಅರ್ಧ ಗಂಟೆ

ಖಾತೆ ತೆರೆದು ಮರೆತರೆ ಬಾಗಿಲು ತೆರೆದಿಟ್ಟು ಸಂತೆಗೆ ಹೋದ ಹಾಗೆ. ವಾರಕ್ಕೊಮ್ಮೆ ‘ಸರ್ಚ್ ಟರ್ಮ್ಸ್’ ಎಂಬ ವರದಿ ತೆರೆಯಿರಿ. ಜನ ಏನೆಂದು ಹುಡುಕಿ ನಿಮ್ಮನ್ನು ಒತ್ತಿದರು ಎಂಬುದು ಅಲ್ಲಿದೆ. ಕೆಲಸಕ್ಕೆ ಬಾರದ್ದನ್ನು ಬೇಡದ ಪಟ್ಟಿಗೆ ತಳ್ಳಿ, ಹೊಸ ಒಳ್ಳೆಯ ಮಾತು ಕಂಡರೆ ಸೇರಿಸಿ. ‘ಶಿಫಾರಸು’ ಎಂದು ಗೂಗಲ್ ದಿನಾ ಸಲಹೆ ಕೊಡುತ್ತದೆ, ಅವುಗಳಲ್ಲಿ ಎಷ್ಟೋ ಖರ್ಚು ಹೆಚ್ಚಿಸುವಂಥವು. ಅವು ತಾವಾಗಿಯೇ ಜಾರಿಯಾಗುವ ಆಯ್ಕೆ ಆನ್ ಆಗಿದ್ದರೆ ಆರಿಸಿಬಿಡಿ. ಎದುರಾಳಿ ಕುಳಿತು ಒತ್ತುತ್ತಾ ನಮ್ಮ ದುಡ್ಡು ಕರಗಿಸಿದರೆ ಎಂಬ ಭಯ ಹಲವರಿಗೆ. ಅಂಥ ಕಳ್ಳ ಕ್ಲಿಕ್ಕುಗಳನ್ನು ಗೂಗಲ್ ಸೋಸುತ್ತದೆ, ಆಮೇಲೆ ಪತ್ತೆಯಾದದ್ದಕ್ಕೆ ಹಣ ಜಮೆ ಕೊಡುತ್ತದೆ. ಎಲ್ಲವೂ ಸಿಕ್ಕಿಬೀಳುತ್ತದೆಂದು ನಂಬದೆ ಲೆಕ್ಕದ ಮೇಲೆ ಕಣ್ಣಿಡಿ.

ಆರ್ಡರ್ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿ: ‘ಹೇಗೆ ತಿಳಿದು ಬಂದಿರಿ?’ ಪ್ರತಿ ಗಿರಾಕಿಯನ್ನೂ ಕೇಳಿ ಬರೆಯಿರಿ. ಪರದೆಯ ವರದಿ ಕ್ಲಿಕ್ಕು ಹೇಳುತ್ತದೆ, ಗಲ್ಲಾ ಪೆಟ್ಟಿಗೆಗೆ ಬಂದ ರೂಪಾಯಿ ಹೇಳುವುದು ನಿಮ್ಮ ಪುಸ್ತಕ. ಎರಡು ಮೂರು ತಿಂಗಳಾದರೂ ಲೆಕ್ಕ ಕೂಡದಿದ್ದರೆ ನಿಲ್ಲಿಸಿ. ಯಾವ ದಿನ ಬೇಕಾದರೂ ನಿಲ್ಲಿಸಬಹುದು, ಕರಾರುಪತ್ರವಿಲ್ಲ.

‘ನಮಗೆ ಕರಪತ್ರ ಸಾಕು, ಬಾಯಿಮಾತು ಸಾಕು’ ಎನ್ನುವ ಹಿರಿಯರಿದ್ದಾರೆ. ಕರಪತ್ರ ಅಚ್ಚು ಹಾಕಿ ಬದುಕುವ ನಾನು ಅವರ ಮಾತಿಗೆ ಎದುರಾಡುವುದು ಹೇಗೆ? ಬಾಯಿಮಾತನ್ನು ಯಾವ ಯಂತ್ರವೂ ಮೀರಿಸದು, ಸುತ್ತಲಿನ ನಾಲ್ಕು ಬೀದಿಗೆ ಕರಪತ್ರ ಇಂದಿಗೂ ಸೈ. ಆದರೆ ಈ ಹೊತ್ತು ಈ ಕ್ಷಣ ಪ್ರೆಸ್ಸು ಬೇಕೆಂದು ಹುಡುಕುತ್ತಿರುವವನ ಕೈಗೆ ಕರಪತ್ರ ತಲುಪುವುದಿಲ್ಲ. ಆ ಕ್ಷಣ ಅವನ ಕಣ್ಣಿಗೆ ಬೀಳುವವನಿಗೆ ಆರ್ಡರ್. ಒಂದು ಮದುವೆ ಕಾರ್ಡು ಕೈತಪ್ಪಿದರೆ ನಮ್ಮ ಕಂಪೋಸಿಂಗ್ ಹುಡುಗಿಗೆ, ಬೈಂಡಿಂಗ್ ಅಜ್ಜನಿಗೆ, ಕಟಿಂಗ್ ಯಂತ್ರದವನಿಗೆ ಅರ್ಧ ದಿನದ ಕೂಲಿ ತಪ್ಪುತ್ತದೆ. ಕನ್ನಡದಲ್ಲಿ ದುಡಿಯುವ ಕೈಗಳು ಖಾಲಿಯಾದರೆ ಬೋರ್ಡು ಕನ್ನಡದಲ್ಲಿದ್ದು ಫಲವೇನು?

ಕನ್ನಡ ಸಂಘಟನೆಗಳ ಗೆಳೆಯರಲ್ಲಿ ಒಂದು ವಿನಂತಿ. ತಾಲ್ಲೂಕಿಗೊಂದು ಸಂಜೆ ಗೊತ್ತುಮಾಡಿ. ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರನ್ನು ಕೂರಿಸಿ, ಹತ್ತು ಅಂಗಡಿಯವರನ್ನು ಕರೆಯಿರಿ. ಅವರವರ ಇಮೇಲಿನಲ್ಲಿ, ಅವರವರ ಕೈಯಿಂದಲೇ ಖಾತೆ ತೆರೆಸಿ. ಅಂಗಡಿಯ ಬಂಧುಗಳೇ, ಮನೆ ಬಾಗಿಲಿಗೆ ಬರುವ ಏಜೆಂಟನಿಗೆ ಮೂರು ಪ್ರಶ್ನೆ ಕೇಳಿ: ಖಾತೆ ಯಾರ ಹೆಸರಿನಲ್ಲಿ? ಗೂಗಲ್ಲಿಗೆ ಎಷ್ಟು, ನಿನಗೆಷ್ಟು? ಕನ್ನಡದ ಹುಡುಕುಮಾತುಗಳ ಪಟ್ಟಿ ಎಲ್ಲಿ? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಟ್ಟವನನ್ನು ಒಳಗೆ ಕರೆಯಿರಿ. ಉಳಿದವರಿಗೆ ಚಹಾ ಕೊಟ್ಟು ಬಸ್ಸು ತೋರಿಸಿ.